ಕರೆಂಟ್ ಬಂತು, ಕ್ಯಾಮೆರಾ ಬರಲಿಲ್ಲ: ಮನೆ-ತೋಟದ ನೆಟ್‌ವರ್ಕಿನಲ್ಲಿ ಸಾಧನದ ಐಪಿ ವಿಳಾಸ ಹುಡುಕುವುದು ಹೇಗೆ

ಏಪ್ರಿಲ್‌ನ ಗುಡುಗು-ಸಿಡಿಲಿಗೂ ಜುಲೈನ ಗಾಳಿಮಳೆಗೂ ಕೊಡಗಿನಲ್ಲಿ ಕರೆಂಟ್ ಹೋಗಿ ಬರುವುದು ಹೊಸದೇನಲ್ಲ. ಕರೆಂಟ್ ಬಂದ ಮೇಲೆ ಕಾಫಿ ಕಣದ ಕ್ಯಾಮೆರಾ ಫೋನಿನಲ್ಲಿ ತೆರೆಯದಿರುವುದು, ಹೋಮ್‌ಸ್ಟೇ ಕೌಂಟರಿನ ಪ್ರಿಂಟರ್ ‘ಆಫ್‌ಲೈನ್’ ಎಂದು ಸುಮ್ಮನಾಗುವುದು ಕೂಡ ಹೊಸದಲ್ಲ. ಸುಟ್ಟೇಹೋಯಿತು ಎಂದುಕೊಂಡು ಅದನ್ನು ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೊತ್ತುಕೊಂಡು ಹೋಗುವ ಮೊದಲು ಸ್ವಲ್ಪ ತಾಳಿ. ಬಹಳ ಸಲ ಸಾಧನ ಸರಿಯಾಗಿಯೇ ಇರುತ್ತದೆ. ಅದರ ವಿಳಾಸ ಮಾತ್ರ ಬದಲಾಗಿರುತ್ತದೆ.

ಯಾಕೆ ಬದಲಾಗುತ್ತದೆ? ರೂಟರ್ ತನಗೆ ಸೇರಿಕೊಂಡ ಪ್ರತಿ ಸಾಧನಕ್ಕೂ ಒಂದೊಂದು ಐಪಿ ವಿಳಾಸ, ಅಂದರೆ ಮನೆ ನಂಬರಿನಂಥ ಒಂದು ಸಂಖ್ಯೆ, ಹಂಚುತ್ತದೆ. ಈ ಹಂಚಿಕೆಯ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ಕೊಟ್ಟದ್ದು ಶಾಶ್ವತವಲ್ಲ, ಬಾಡಿಗೆಗೆ ಕೊಟ್ಟ ಹಾಗೆ. ಕೆಲವು ರೂಟರ್‌ಗಳಲ್ಲಿ ಅವಧಿ 2 ಗಂಟೆ, ಕೆಲವದರಲ್ಲಿ 24 ಗಂಟೆ. ಸಾಧನ ಚಾಲೂ ಇದ್ದರೆ ಅವಧಿಯ ಅರ್ಧಕ್ಕೇ ಅದು ವಿಳಾಸವನ್ನು ನವೀಕರಿಸಿಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಒಂದೇ ವಿಳಾಸ ಉಳಿಯುವುದುಂಟು. ಆದರೆ ಯಾರಿಗೆ ಏನು ಕೊಟ್ಟೆ ಎಂಬ ಲೆಕ್ಕವನ್ನು ಅನೇಕ ಮನೆ ರೂಟರ್‌ಗಳು ತಾತ್ಕಾಲಿಕ ಮೆಮೊರಿಯಲ್ಲಿ ಮಾತ್ರ ಇಟ್ಟುಕೊಂಡಿರುತ್ತವೆ. ಕರೆಂಟ್ ಹೋದರೆ ಲೆಕ್ಕವೂ ಹೋಯಿತು. ಕರೆಂಟ್ ಬಂದಾಗ ಎಲ್ಲವೂ ಒಟ್ಟಿಗೆ ಏಳುತ್ತವೆ, ಮತ್ತೆ ಹೊಸದಾಗಿ ಹಂಚಿಕೆ. ನಿನ್ನೆ 192.168.1.5ರಲ್ಲಿದ್ದ ಪ್ರಿಂಟರ್ ಇಂದು 192.168.1.8ಕ್ಕೆ ಹೋಗಿರುತ್ತದೆ, 5ರಲ್ಲಿ ಅತಿಥಿಯೊಬ್ಬರ ಫೋನ್ ಕೂತಿರುತ್ತದೆ.

ಮೊದಲು ದೀಪ ನೋಡಿ

ಕೇಬಲ್ ಹಾಕಿರುವ ಸಾಧನವಾದರೆ ಅದರ ನೆಟ್‌ವರ್ಕ್ ಪೋರ್ಟಿನ ಪಕ್ಕದಲ್ಲಿ ಸಣ್ಣ ದೀಪ ಇರುತ್ತದೆ, ರೂಟರಿನ ಪೋರ್ಟಿಗೂ ಒಂದು ಇರುತ್ತದೆ. ಎರಡೂ ಆರಿದ್ದರೆ ವಿಳಾಸ ಹುಡುಕಿ ಪ್ರಯೋಜನವಿಲ್ಲ. ಗೊತ್ತಿರುವ ಒಳ್ಳೆಯ ಕೇಬಲ್ ಹಾಕಿ ನೋಡಿ, ರೂಟರಿನ ಬೇರೆ ಪೋರ್ಟಿಗೆ ಚುಚ್ಚಿ ನೋಡಿ. ಆಗಲೂ ದೀಪ ಬರದಿದ್ದರೆ ಪೋರ್ಟ್ ಹೋಗಿದೆ. ಸಿಡಿಲಿನ ಮಾರನೆಯ ದಿನ ಇದು ತೀರ ಸಾಮಾನ್ಯ: ಡಿವಿಆರ್ (ಕ್ಯಾಮೆರಾಗಳ ಚಿತ್ರ ದಾಖಲಿಸುವ ಪೆಟ್ಟಿಗೆ) ಮಾನಿಟರಿನಲ್ಲಿ ಚಿತ್ರ ತೋರಿಸುತ್ತಿರುತ್ತದೆ, ರೆಕಾರ್ಡಿಂಗೂ ನಡೆದಿರುತ್ತದೆ, ನೆಟ್‌ವರ್ಕ್ ಪೋರ್ಟ್ ಒಂದೇ ಸತ್ತಿರುತ್ತದೆ. ಬಂಗಲೆಯಿಂದ ಕಣಕ್ಕೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್ ಸಿಡಿಲಿನ ವೋಲ್ಟೇಜನ್ನು ನೇರ ಪೋರ್ಟಿಗೇ ತಂದು ಸುರಿಯುತ್ತದೆ. ಅದೂ ಅಲ್ಲದೆ ಈಥರ್ನೆಟ್ ಕೇಬಲ್ಲಿನ ಮಿತಿ 100 ಮೀಟರ್. ಅದನ್ನು ಮೀರಿ ಎಳೆದಿದ್ದರೆ ದೀಪ ಒಮ್ಮೆ ಹತ್ತಿ ಒಮ್ಮೆ ಆರಿ ಆಟವಾಡಿಸುತ್ತದೆ.

ನೀವಿರುವುದು ಯಾವ ನೆಟ್‌ವರ್ಕಿನಲ್ಲಿ?

ಹುಡುಕಾಟ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಕ್ಯಾಮೆರಾದ ವಿಳಾಸಕ್ಕಿಂತ ಮೊದಲು ನಿಮ್ಮದೇ ವಿಳಾಸ ನೋಡಿಕೊಳ್ಳಿ.

ಫೋನಿನಲ್ಲಾದರೆ ಸೆಟ್ಟಿಂಗ್ಸ್‌ಗೆ ಹೋಗಿ, ವೈಫೈ ಒತ್ತಿ, ಸೇರಿಕೊಂಡಿರುವ ಹೆಸರಿನ ಪಕ್ಕದ ಗುರುತು ಮುಟ್ಟಿ. ಆಂಡ್ರಾಯ್ಡ್‌ನಲ್ಲಿ ಅದು ಗೇರ್ ಚಿತ್ರ ಅಥವಾ ಬಾಣ, ಐಫೋನಿನಲ್ಲಿ ವೃತ್ತದೊಳಗಿನ ‘ಐ’. ಐಪಿ ಅಡ್ರೆಸ್ ಮತ್ತು ರೂಟರ್ ಅಥವಾ ಗೇಟ್‌ವೇ ಎಂಬ ಎರಡು ಸಾಲುಗಳನ್ನು ಬರೆದಿಟ್ಟುಕೊಳ್ಳಿ. ವಿಂಡೋಸ್ ಲ್ಯಾಪ್‌ಟಾಪ್ ಆದರೆ ಸ್ಟಾರ್ಟ್ ಒತ್ತಿ ಸಿಎಂಡಿ ಎಂಬ ಮೂರಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ತೆರೆಯುವ ಕಪ್ಪು ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಐಪಿಕಾನ್‌ಫಿಗ್’ (ಐ, ಪಿ, ಸಿ, ಒ, ಎನ್, ಎಫ್, ಐ, ಜಿ) ಎಂದು ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ‘ಐಪಿವಿ4 ಅಡ್ರೆಸ್’ ನಿಮ್ಮದು, ‘ಡೀಫಾಲ್ಟ್ ಗೇಟ್‌ವೇ’ ರೂಟರಿನದು.

ಆ ಸಂಖ್ಯೆಯೇ ಬಹಳಷ್ಟು ಹೇಳುತ್ತದೆ. 192.168ರಿಂದ, 10ರಿಂದ ಅಥವಾ 172.16ರಿಂದ 172.31ರವರೆಗಿನ ಸಂಖ್ಯೆಯಿಂದ ಶುರುವಾದರೆ ಅದು ಮನೆಯೊಳಗಿನ ವಿಳಾಸ. ಈ ಮೂರು ವರ್ಗಗಳನ್ನು ಖಾಸಗಿ ನೆಟ್‌ವರ್ಕುಗಳಿಗೆಂದೇ ಬಿಟ್ಟಿದ್ದಾರೆ. 169.254ರಿಂದ ಶುರುವಾದರೆ ಸಾಧನ ವಿಳಾಸ ಕೇಳಿತ್ತು, ರೂಟರ್ ಕೊಡಲಿಲ್ಲ, ಅದು ತಾನೇ ಒಂದನ್ನು ಇಟ್ಟುಕೊಂಡಿತು ಎಂದರ್ಥ. ಆಗ ರೂಟರನ್ನು ಆಫ್ ಮಾಡಿ ಆನ್ ಮಾಡಿ, ಅದು ಪೂರ್ತಿ ಎದ್ದ ಮೇಲೆ, ಅಂದರೆ ಎರಡು-ಮೂರು ನಿಮಿಷ ಬಿಟ್ಟು, ಸಾಧನವನ್ನು ಆನ್ ಮಾಡಿ.

ಮನೆಯ ರೂಟರಿನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಂಖ್ಯೆ ಎಲ್ಲರಿಗೂ ಒಂದೇ, ಕೊನೆಯದು ಮಾತ್ರ ಬೇರೆ. ನಿಮ್ಮದು 192.168.1.7 ಆದರೆ ಹುಡುಕಬೇಕಾದದ್ದು 192.168.1.1ರಿಂದ 192.168.1.254ರವರೆಗೆ, 254 ಬಾಗಿಲು ಅಷ್ಟೇ.

ಹೋಮ್‌ಸ್ಟೇಗಳಲ್ಲಿ ಒಂದು ತೊಡಕು ಸದಾ ಇದ್ದದ್ದೇ. ಫೈಬರ್ ಬಂದು ಸೇರುವ ಮೋಡೆಮ್ ತಾನೇ ಒಂದು ರೂಟರ್. ಕಾಟೇಜುಗಳಿಗೆ ಸಿಗ್ನಲ್ ಸಾಲದೆಂದು ಇನ್ನೊಂದು ರೂಟರ್ ಕೊಂಡು ಅದಕ್ಕೆ ಸೇರಿಸಿರುತ್ತಾರೆ. ಮೋಡೆಮ್ 192.168.1 ಹಂಚುತ್ತದೆ, ಎರಡನೆಯದು 192.168.0 ಹಂಚುತ್ತದೆ. ಹೀಗೆ ಒಂದು ಮನೆಯಲ್ಲಿ ಎರಡು ಊರು. ಕಾಟೇಜಿನ ರೂಟರಿನಲ್ಲಿರುವ ಕ್ಯಾಮೆರಾ ಮೋಡೆಮಿನ ವೈಫೈಯಲ್ಲಿರುವ ಫೋನಿಗೆ ಎಂದೂ ಕಾಣುವುದಿಲ್ಲ. ಇದಕ್ಕೆ ಒಳ್ಳೆಯ ಪರಿಹಾರ ಎರಡನೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್ ಮೋಡ್’ಗೆ ಹಾಕುವುದು, ಅಂದರೆ ಅದು ವಿಳಾಸ ಹಂಚದೆ ಸಿಗ್ನಲ್ ಮಾತ್ರ ಕೊಡುವಂತೆ ಮಾಡುವುದು. ಆ ಆಯ್ಕೆ ಇಲ್ಲದ ಹಳೆಯ ರೂಟರ್ ಆದರೆ ಅದರ ವಿಳಾಸವನ್ನು 192.168.1.2 ಮಾಡಿ, ಅದರ ಡಿಎಚ್‌ಸಿಪಿ ನಿಲ್ಲಿಸಿ, ಮೋಡೆಮಿನಿಂದ ಬರುವ ಕೇಬಲ್ಲನ್ನು ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟಿನಿಂದ ತೆಗೆದು ಲ್ಯಾನ್ (ಮನೆಯ ಸಾಧನ ಸೇರಿಸುವ) ಪೋರ್ಟಿಗೆ ಹಾಕಿ. ಇದೇ ಕ್ರಮದಲ್ಲಿ ಮಾಡಿ; ಕೇಬಲ್ ಮೊದಲು ಬದಲಿಸಿದರೆ ಇಬ್ಬರು ಹಂಚುವವರಾಗಿ ಇಡೀ ಮನೆ ಗೊಂದಲಕ್ಕೆ ಬೀಳುತ್ತದೆ.

‘ಗೆಸ್ಟ್’ ವೈಫೈಯಿಂದಲೂ ಹುಡುಕಬೇಡಿ. ಅತಿಥಿಗಳು ಒಳಗಿನ ಸಾಧನ ಮುಟ್ಟಬಾರದೆಂದೇ ಅದು ಗೋಡೆ ಕಟ್ಟಿರುತ್ತದೆ. ಫೋನಿನ ಮೊಬೈಲ್ ಡೇಟಾ ಮತ್ತು ವಿಪಿಎನ್ ಆ ಹೊತ್ತಿಗೆ ಆಫ್ ಇರಲಿ.

ಸಾಧನವನ್ನೇ ಕೇಳಿ

ಪರದೆ ಇರುವ ಸಾಧನವಾದರೆ ಹುಡುಕುವುದೇ ಬೇಡ. ಡಿವಿಆರ್‌ಗೆ ಮಾನಿಟರ್ ಮತ್ತು ಮೌಸ್ ಹಾಕಿ ಮೇನ್ ಮೆನುವಿನಲ್ಲಿ ನೆಟ್‌ವರ್ಕ್ ತೆರೆದರೆ ವಿಳಾಸ ಎದುರಿಗೇ ಇರುತ್ತದೆ. ಟಿವಿಯಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಸ್ಟೇಟಸ್. ಪರದೆಯಿಲ್ಲದ ಪ್ರಿಂಟರಿನಲ್ಲಿ ವೈಫೈ ಅಥವಾ ಮಾಹಿತಿ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ನೆಟ್‌ವರ್ಕ್ ವಿವರದ ಹಾಳೆ ಅಚ್ಚಾಗಿ ಬರುತ್ತದೆ. ಯಾವ ಬಟನ್, ಎಷ್ಟು ಹೊತ್ತು ಎಂಬುದು ಮಾದರಿಗೊಂದು ಥರ, ಕೈಪಿಡಿಯಲ್ಲಿ ಇರುತ್ತದೆ.

ರೂಟರಿನ ಪಟ್ಟಿ

ಉಳಿದವಕ್ಕೆಲ್ಲ ಮೊದಲ ಮೆಟ್ಟಿಲು ಇದು. ಬರೆದಿಟ್ಟುಕೊಂಡ ಗೇಟ್‌ವೇ ಸಂಖ್ಯೆಯನ್ನು ಬ್ರೌಸರಿನ ವಿಳಾಸದ ಜಾಗದಲ್ಲಿ ಹಾಕಿ. ಲಾಗಿನ್ ವಿವರ ರೂಟರಿನ ಬೆನ್ನಿಗೋ ಹೊಟ್ಟೆಯಡಿಗೋ ಅಂಟಿಸಿರುತ್ತಾರೆ. ಒಳಗೆ ಹೋದರೆ ‘ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್’, ‘ಕನೆಕ್ಟೆಡ್ ಡಿವೈಸಸ್’ ಅಥವಾ ‘ಅಟ್ಯಾಚ್ಡ್ ಡಿವೈಸಸ್’ ಎಂಬ ಪುಟ ಸಿಗುತ್ತದೆ. ಪ್ರತಿ ಸಾಲಿನಲ್ಲಿ ಹೆಸರು, ಐಪಿ, ಮ್ಯಾಕ್ ವಿಳಾಸ ಇರುತ್ತವೆ.

ಹೆಸರು ನಂಬಲರ್ಹವಲ್ಲ. ಕ್ಯಾಮೆರಾಗಳದ್ದು ಹೆಚ್ಚಾಗಿ ಖಾಲಿ ಅಥವಾ ‘ಅನ್‌ನೋನ್’. ನಂಬಬೇಕಾದದ್ದು ಮ್ಯಾಕ್ ವಿಳಾಸವನ್ನು, ಅಂದರೆ ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತನ್ನು. ಅದು ಹನ್ನೆರಡು ಚಿಹ್ನೆಗಳದ್ದು, 0ರಿಂದ 9 ಮತ್ತು ಎ ಇಂದ ಎಫ್‌ವರೆಗಿನ ಅಕ್ಷರಗಳು, ಎರಡೆರಡರ ಆರು ಜೋಡಿ. ಮೊದಲ ಮೂರು ಜೋಡಿ ತಯಾರಕರ ಗುರುತು. ತಾಂತ್ರಿಕ ಮಾನದಂಡ ರೂಪಿಸುವ ಐಇಇಇ ಸಂಸ್ಥೆ ಅದನ್ನು ಕಂಪನಿಗಳಿಗೆ ಹಂಚುತ್ತದೆ. ಉದಾಹರಣೆಗೆ 44-19-ಬಿ6 ಎಂದು ಶುರುವಾದರೆ ಕ್ಯಾಮೆರಾ ಕಂಪನಿ ಹಿಕ್‌ವಿಷನ್, ಬಿ8-27-ಇಬಿ ಆದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಒಂದು ಕಂಪನಿಗೆ ಇಂಥ ಗುರುತು ಹತ್ತಾರು ಇರಬಹುದು, ಆದ್ದರಿಂದ ಹೊಂದದಿದ್ದರೆ ಅದಲ್ಲವೆಂದು ತೀರ್ಮಾನಿಸಬೇಡಿ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಾಧನದ ಸ್ಟಿಕ್ಕರ್. ಹನ್ನೆರಡು ಚಿಹ್ನೆ ಅಲ್ಲಿ ಅಚ್ಚಾಗಿರುತ್ತವೆ, ಪಟ್ಟಿಯ ಸಾಲಿಗೆ ಕೂಡಿಸಿ ನೋಡಿ.

ಎರಡನೆಯ ಚಿಹ್ನೆ 2, 6, ಎ ಅಥವಾ ಇ ಆಗಿದ್ದರೆ ಅದು ಕಂಪನಿ ಕೊಟ್ಟ ಮ್ಯಾಕ್ ಅಲ್ಲ, ಸಾಧನ ತಾನೇ ಹುಟ್ಟಿಸಿಕೊಂಡದ್ದು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನ್‌ಗಳು ಖಾಸಗಿತನಕ್ಕಾಗಿ ಹೀಗೆ ಮಾಡುತ್ತವೆ. ಪಟ್ಟಿಯಲ್ಲಿ ಅಂಥ ಸಾಲುಗಳು ಬಹುಪಾಲು ಫೋನುಗಳೇ. ಕ್ಯಾಮೆರಾ, ಪ್ರಿಂಟರ್ ಹುಡುಕುವಾಗ ಮೊದಲು ಅವನ್ನು ಬದಿಗಿಡಿ, ಪಟ್ಟಿ ಅರ್ಧಕ್ಕಿಳಿಯುತ್ತದೆ.

ಪಟ್ಟಿಗೆ ಎರಡು ಕೊರತೆ ಇದೆ. ಆಫ್ ಆಗಿರುವ ಸಾಧನವೂ ಬಾಡಿಗೆಯ ಅವಧಿ ಮುಗಿಯುವವರೆಗೆ ಅದರಲ್ಲಿ ಉಳಿದಿರುತ್ತದೆ. ಇನ್ನೊಂದು, ಇದೇ ದೊಡ್ಡದು: ವಿಳಾಸವನ್ನು ಕೈಯಾರೆ ಹಾಕಿಟ್ಟ ಸಾಧನ ಡಿಎಚ್‌ಸಿಪಿ ಪಟ್ಟಿಯಲ್ಲಿ ಬರುವುದೇ ಇಲ್ಲ. ಸಿಸಿಟಿವಿ ಹಾಕುವವರು ಡಿವಿಆರ್‌ಗೆ ಬಹುತೇಕ ಹೀಗೆ ಸ್ಥಿರ ವಿಳಾಸವನ್ನೇ ಕೊಟ್ಟು ಹೋಗುತ್ತಾರೆ.

254 ಬಾಗಿಲು ತಟ್ಟುವುದು

ರೂಟರಿನ ಪಾಸ್‌ವರ್ಡ್ ಇಲ್ಲ, ಅಥವಾ ಪಟ್ಟಿಯಲ್ಲಿ ಸಾಧನ ಇಲ್ಲ ಎಂದಾದರೆ ಸ್ಕ್ಯಾನ್ ಮಾಡಬೇಕು. ಫೋನಿನಲ್ಲಿ ಫಿಂಗ್ ಎಂಬ ಆ್ಯಪ್ ಸಾಕು. ಐಫೋನಿನಲ್ಲಿ ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೇಳಿದಾಗ ಒಪ್ಪಿಗೆ ಕೊಡದಿದ್ದರೆ ಏನೂ ಕಾಣುವುದಿಲ್ಲ. ಹೊಸ ಫೋನುಗಳಲ್ಲಿ ಆ್ಯಪ್‌ಗಳಿಗೆ ಮ್ಯಾಕ್ ವಿಳಾಸ ಓದಲು ಬಿಡುವುದಿಲ್ಲ, ಆದ್ದರಿಂದ ಲ್ಯಾಪ್‌ಟಾಪ್ ಇದ್ದರೆ ಅದೇ ಮೇಲು. ಆಂಗ್ರಿ ಐಪಿ ಸ್ಕ್ಯಾನರ್ ಉಚಿತ, ವಿಂಡೋಸ್, ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಆರಂಭ 192.168.1.1, ಕೊನೆ 192.168.1.254 ಎಂದು ಕೊಟ್ಟು ಸ್ಟಾರ್ಟ್ ಒತ್ತಿ. ನಿಮ್ಮ ಸ್ವಂತ ನೆಟ್‌ವರ್ಕಿನಲ್ಲಿ ಮಾತ್ರ ಮಾಡಿ. ತಂಗಿದ ಹೋಟೆಲಿನಲ್ಲೋ ಕಚೇರಿಯಲ್ಲೋ ಅನುಮತಿಯಿಲ್ಲದೆ ಸ್ಕ್ಯಾನ್ ಮಾಡುವುದು ತಪ್ಪು.

ಸ್ಕ್ಯಾನರ್ ಪಿಂಗ್, ಅಂದರೆ ‘ಇದ್ದೀಯಾ?’ ಎಂಬ ಸಣ್ಣ ಸಂದೇಶ, ಕಳಿಸಿ ಉತ್ತರಕ್ಕೆ ಕಾಯುತ್ತದೆ. ಕೆಲವು ಕ್ಯಾಮೆರಾಗಳು, ಫೈರ್‌ವಾಲ್ (ಹೊರಗಿನ ಸಂದೇಶ ತಡೆಯುವ ತಂತ್ರಾಂಶ) ಇರುವ ವಿಂಡೋಸ್ ಕಂಪ್ಯೂಟರ್‌ಗಳು ಪಿಂಗಿಗೆ ಉತ್ತರ ಕೊಡುವುದಿಲ್ಲ. ಆದರೆ ಅವೂ ಬಚ್ಚಿಟ್ಟುಕೊಳ್ಳಲಾರವು. ಪಿಂಗ್ ಹೊರಡುವ ಮೊದಲೇ ನಿಮ್ಮ ಲ್ಯಾಪ್‌ಟಾಪ್ ‘ಈ ಐಪಿ ಯಾರದು?’ ಎಂದು ಎಲ್ಲರಿಗೂ ಕೂಗಿ ಕೇಳಿರುತ್ತದೆ. ಇದಕ್ಕೆ ಎಆರ್‌ಪಿ ಎನ್ನುತ್ತಾರೆ, 1982ರಿಂದ ಬಂದ ಪದ್ಧತಿ. ಈ ಕೂಗಿಗೆ ಓಗೊಡದ ಸಾಧನ ಆ ನೆಟ್‌ವರ್ಕಿನಲ್ಲಿ ಯಾರೊಡನೆಯೂ ಮಾತಾಡಲಾರದು. ಹಾಗಾಗಿ ಸ್ಕ್ಯಾನ್ ಮುಗಿದ ಕೂಡಲೇ, ತಡಮಾಡದೆ, ಅದೇ ಕಪ್ಪು ಪರದೆಯಲ್ಲಿ ‘ಎಆರ್‌ಪಿ’, ಒಂದು ಜಾಗ, ಒಂದು ಅಡ್ಡಗೆರೆ (ಹೈಫನ್), ‘ಎ’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಇಂಥ ಸಾಲುಗಳು ಬರುತ್ತವೆ:

192.168.1.1   50-ಸಿ7-ಬಿಎಫ್-21-0ಎ-9ಇ   ಡೈನಾಮಿಕ್
192.168.1.37   44-19-ಬಿ6-5ಡಿ-70-1ಸಿ   ಡೈನಾಮಿಕ್
192.168.1.255   ಎಫ್‌ಎಫ್-ಎಫ್‌ಎಫ್-ಎಫ್‌ಎಫ್-ಎಫ್‌ಎಫ್-ಎಫ್‌ಎಫ್-ಎಫ್‌ಎಫ್   ಸ್ಟ್ಯಾಟಿಕ್

ಮೊದಲನೆಯದು ರೂಟರ್, ಅದರ ಗುರುತು ಟಿಪಿ-ಲಿಂಕ್ ಕಂಪನಿಯದು. ಕೊನೆಯದು ಯಾವ ಸಾಧನವೂ ಅಲ್ಲ, ಎಲ್ಲರಿಗೂ ಕೂಗುವ ವಿಳಾಸ. 224 ಮತ್ತು 239ರಿಂದ ಶುರುವಾಗುವ ಸಾಲುಗಳನ್ನೂ ಬಿಟ್ಟುಬಿಡಿ. ನಡುವಿನ 37 ನಮಗೆ ಬೇಕಾದ ಕ್ಯಾಮೆರಾ. ಸ್ಕ್ಯಾನರಿನಲ್ಲಿ ಅದು ಕೆಂಪಾಗಿ ‘ಇಲ್ಲ’ ಎಂದಿದ್ದರೂ ಇಲ್ಲಿ ಸಿಕ್ಕಿಬಿದ್ದಿದೆ. ಈ ಪಟ್ಟಿ ಬೇಗ ಅಳಿಸಿಹೋಗುತ್ತದೆ, ಅದಕ್ಕೇ ಕೂಡಲೇ ನೋಡಬೇಕು ಎಂದದ್ದು.

ಪಿಂಗಿನ ಉತ್ತರವನ್ನೂ ಓದಲು ಕಲಿತರೆ ಒಳ್ಳೆಯದು. ನಿಮ್ಮದೇ ವಿಳಾಸದಿಂದ ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಬಂದರೆ ಕೂಗಿಗೆ ಯಾರೂ ಓಗೊಡಲಿಲ್ಲ, ಆ ಬಾಗಿಲ ಹಿಂದೆ ಯಾರೂ ಇಲ್ಲ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದೇ ಬರುತ್ತಿದ್ದರೆ ಯಾರೋ ಇರಬಹುದು, ಪಿಂಗಿಗೆ ಮಾತ್ರ ಬಾಯಿಬಿಡುತ್ತಿಲ್ಲ.

ಒಂದೇ ಕಂಪನಿಯ ನಾಲ್ಕು ಕ್ಯಾಮೆರಾ ಇದ್ದು ಕಣದ್ದು ಯಾವುದು, ಗೋಡೌನಿನದು ಯಾವುದು ಎಂದು ತಿಳಿಯದಿದ್ದರೆ ‘ಪಿಂಗ್’, ಜಾಗ, ಅಡ್ಡಗೆರೆ, ‘ಟಿ’, ಜಾಗ, ಒಂದು ಕ್ಯಾಮೆರಾದ ವಿಳಾಸ ಎಂದು ಹೊಡೆಯಿರಿ. ಪಿಂಗಿಗೆ ಬಾಯಿಬಿಡುವ ಕ್ಯಾಮೆರಾ ಆದರೆ ಉತ್ತರ ಸೆಕೆಂಡಿಗೊಂದರಂತೆ ನಿಲ್ಲದೆ ಬರುತ್ತದೆ. ಕಣದಲ್ಲಿರುವ ರೈಟರಿಗೆ (ತೋಟದ ಗುಮಾಸ್ತರಿಗೆ) ಫೋನ್ ಮಾಡಿ, “ರೈಟ್ರೇ, ಈಗ ಕೇಬಲ್ ತೆಗೀರಿ” ಅನ್ನಿ. ಉತ್ತರ ನಿಂತು ‘ಟೈಮ್ಡ್ ಔಟ್’ ಅಥವಾ ‘ಅನ್‌ರೀಚಬಲ್’ ಎಂದು ಬರತೊಡಗಿದರೆ ಅದೇ ಕ್ಯಾಮೆರಾ. ನಿಲ್ಲದಿದ್ದರೆ ಮುಂದಿನ ವಿಳಾಸ. ಪಿಂಗ್ ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ.

ವೈಫೈ ರಿಪೀಟರ್ (ಸಿಗ್ನಲ್ ಮುಂದಕ್ಕೆ ದಾಟಿಸುವ ಪೆಟ್ಟಿಗೆ) ಇರುವಲ್ಲಿ ಒಂದು ಎಚ್ಚರಿಕೆ: ಕೆಲವು ರಿಪೀಟರ್‌ಗಳು ತಮ್ಮ ಹಿಂದಿರುವ ಎಲ್ಲ ಸಾಧನಗಳಿಗೂ ತಮ್ಮದೇ ಮ್ಯಾಕ್ ತೋರಿಸುತ್ತವೆ. ಮೂರು ಐಪಿಗೆ ಒಂದೇ ಮ್ಯಾಕ್ ಕಂಡರೆ ಗಾಬರಿ ಬೇಡ. ಅಲ್ಲಿ ಸ್ಟಿಕ್ಕರ್ ಕೂಡಿಸಿ ನೋಡುವುದು ನಡೆಯದು, ಕೇಬಲ್ ಅಥವಾ ಅಡಾಪ್ಟರ್ ತೆಗೆಸಿ ನೋಡುವುದೇ ದಾರಿ.

ರೂಟರ್ ಬದಲಾದಾಗ

ಇದು ಬೇರೆಯದೇ ಸಂಕಟ, ಸುಮಾರು ಜನ ಸೋಲುವುದು ಇಲ್ಲಿ. ಹಳೆಯ ರೂಟರ್ ಸಿಡಿಲಿಗೆ ಹೋಯಿತು ಅಥವಾ ಕನೆಕ್ಷನ್ ಬದಲಿಸಿದಿರಿ. ಹಳೆಯದು 192.168.1.1 ಆಗಿತ್ತು, ಹೊಸ ಜಿಯೋ ಫೈಬರ್ ರೂಟರಿನದು 192.168.29.1. ಡಿವಿಆರ್‌ನಲ್ಲಿ ಮಾತ್ರ 192.168.1.50 ಎಂದು ಸ್ಥಿರವಾಗಿ ಬರೆದಿದೆ. ಕೇಬಲ್ ಸರಿ, ದೀಪ ಉರಿಯುತ್ತಿದೆ, ಆದರೆ ಹೊಸ ನೆಟ್‌ವರ್ಕಿಗೆ ಅದು ಪರವೂರಿನವನು. 192.168.29ರ 254 ಬಾಗಿಲು ಎಷ್ಟು ಸಲ ತಟ್ಟಿದರೂ ಸಿಗುವುದಿಲ್ಲ.

ಮಾನಿಟರ್ ಹಾಕಲು ಆದರೆ ಡಿವಿಆರ್ ಮೆನುವಿನಲ್ಲಿ ವಿಳಾಸ 192.168.29.50, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.29.1 ಮಾಡಿದರೆ ಮುಗಿಯಿತು. ಗೇಟ್‌ವೇ ಬದಲಿಸಲು ಮರೆತರೆ ಮನೆಯೊಳಗೆ ಕಾಣುತ್ತದೆ, ಮೈಸೂರಿಗೆ ಹೋದಾಗ ಫೋನಿನಲ್ಲಿ ಕಾಣುವುದಿಲ್ಲ.

ಪರದೆಯೇ ಇಲ್ಲದ ಒಂಟಿ ಕ್ಯಾಮೆರಾ ಅಥವಾ ಬಂಗಲೆ-ಕಣದ ನಡುವಿನ ವೈರ್‌ಲೆಸ್ ಬ್ರಿಡ್ಜ್ ಆದರೆ ಲ್ಯಾಪ್‌ಟಾಪನ್ನೇ ಅದರ ಊರಿಗೆ ಕಳಿಸಬೇಕು. ವೈಫೈ ಆಫ್ ಮಾಡಿ ಸಾಧನ ಮತ್ತು ಲ್ಯಾಪ್‌ಟಾಪ್ ನಡುವೆ ನೇರ ಕೇಬಲ್ ಹಾಕಿ. ಕ್ಯಾಮೆರಾಕ್ಕೆ ವಿದ್ಯುತ್ ಕೇಬಲ್ಲಿನಲ್ಲೇ ಬರುವುದಾದರೆ ಪಿಒಇ ಸ್ವಿಚ್ಚಿನ ಮೂಲಕ ಹೋಗಿ, ಲ್ಯಾಪ್‌ಟಾಪ್ ವಿದ್ಯುತ್ ಕೊಡುವುದಿಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಈಥರ್ನೆಟ್, ಐಪಿ ಅಸೈನ್‌ಮೆಂಟ್, ಎಡಿಟ್, ಮ್ಯಾನ್ಯುಯಲ್ ಎಂದು ಹೋಗಿ ವಿಳಾಸ 192.168.1.10, ಮಾಸ್ಕ್ 255.255.255.0 ಕೊಡಿ. ವಿಂಡೋಸ್ 10 ಮಾಸ್ಕ್ ಬದಲು ‘ಪ್ರಿಫಿಕ್ಸ್ ಲೆಂಗ್ತ್’ ಕೇಳಿದರೆ 24 ಎಂದು ಹಾಕಿ. ಆಮೇಲೆ ಕಾರ್ಖಾನೆಯಿಂದ ಬಂದ ವಿಳಾಸವನ್ನು ಬ್ರೌಸರಿನಲ್ಲಿ ತೆರೆಯಿರಿ: ಹಿಕ್‌ವಿಷನ್ ಕ್ಯಾಮೆರಾ 192.168.1.64, ಡಾಹುವಾ 192.168.1.108, ಯುಬಿಕ್ವಿಟಿಯ ಏರ್‌ಮ್ಯಾಕ್ಸ್ ಬ್ರಿಡ್ಜ್ 192.168.1.20. ಮೈಕ್ರೋಟಿಕ್ ಆದರೆ 192.168.88.1, ಅದಕ್ಕೆ ಲ್ಯಾಪ್‌ಟಾಪಿನ ವಿಳಾಸವನ್ನೂ 192.168.88.10 ಮಾಡಬೇಕು. ಹಿಕ್‌ವಿಷನ್‌ಗೆ ಎಸ್‌ಎಡಿಪಿ, ಡಾಹುವಾಕ್ಕೆ ಕಾನ್ಫಿಗ್‌ಟೂಲ್ ಎಂಬ ಅವರದೇ ಉಚಿತ ತಂತ್ರಾಂಶಗಳಿವೆ. ನೆಟ್‌ವರ್ಕಿನ ಸಂಖ್ಯೆ ಬೇರೆಯಿದ್ದರೂ ಒಂದೇ ಸ್ವಿಚ್ಚಿನಲ್ಲಿದ್ದರೆ ಇವು ಸಾಧನವನ್ನು ಹಿಡಿಯುತ್ತವೆ. ಆ ಕಂಪನಿಗಳದ್ದಾದರೆ ಬೇರೆಲ್ಲ ಬಿಟ್ಟು ಮೊದಲು ಇದನ್ನೇ ಮಾಡಿ.

ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪಿನ ಐಪಿ ಅಸೈನ್‌ಮೆಂಟನ್ನು ಮತ್ತೆ ಆಟೊಮ್ಯಾಟಿಕ್ ಮಾಡಲು ಮರೆಯಬೇಡಿ. ಮರೆತರೆ ನಾಳೆ ಕೇಬಲ್ ಹಾಕಿದಾಗ ಇಂಟರ್ನೆಟ್ ಬರದೆ ಹೊಸ ತಲೆನೋವು.

ಯಾರೋ ಯಾವಾಗಲೋ ಹಾಕಿದ, ಯಾರಿಗೂ ನೆನಪಿಲ್ಲದ ವಿಳಾಸವಾದರೆ? ಕೇಬಲ್ಲಿನಲ್ಲಿ ಓಡಾಡುವ ಸಂದೇಶ ತೋರಿಸುವ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಸಾಧನ ಮತ್ತು ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿ, ಈಥರ್ನೆಟ್ ಆರಿಸಿ ಕ್ಯಾಪ್ಚರ್ ಶುರು ಮಾಡಿ, ಫಿಲ್ಟರ್ ಜಾಗದಲ್ಲಿ ಎಆರ್‌ಪಿ ಎಂದು ಸಣ್ಣಕ್ಷರದಲ್ಲಿ ಹಾಕಿ. ಈಗ ಸಾಧನದ ವಿದ್ಯುತ್ ತೆಗೆದು ಮತ್ತೆ ಕೊಡಿ. ಏಳುತ್ತಿದ್ದಂತೆ ಅದು ತನ್ನ ಗೇಟ್‌ವೇಯನ್ನು ಕೂಗಿ ಕೇಳುತ್ತದೆ: ‘192.168.5.1 ಯಾರು? 192.168.5.77ಕ್ಕೆ ಹೇಳಿ.’ ಪರದೆಯ ಇಂಗ್ಲಿಷ್ ಸಾಲಿನಲ್ಲಿ ‘ಟೆಲ್’ ಎಂಬ ಪದದ ಮುಂದಿನ ಸಂಖ್ಯೆಯೇ ಸಾಧನದ ವಿಳಾಸ. ಎರಡು ನಿಮಿಷ ಕಾದರೂ ಏನೂ ಬರದಿದ್ದರೆ ಮತ್ತೊಮ್ಮೆ ವಿದ್ಯುತ್ ತೆಗೆದು ಕೊಡಿ. ಆಗಲೂ ಇಲ್ಲವೆಂದರೆ ಮಾತ್ರ ರೀಸೆಟ್ ಬಟನ್ ಮುಟ್ಟಿ; ರೀಸೆಟ್ ಮಾಡಿದರೆ ಪಾಸ್‌ವರ್ಡ್, ರೆಕಾರ್ಡಿಂಗ್ ವೇಳೆ ಎಲ್ಲ ಹೋಗುತ್ತದೆ.

ಸಿಕ್ಕಿದ್ದನ್ನು ಗಟ್ಟಿ ಮಾಡುವುದು

ವಿಳಾಸ ಸಿಕ್ಕಿತೆಂದು ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಇದೇ ಕೆಲಸ. ರೂಟರಿನಲ್ಲಿ ‘ಅಡ್ರೆಸ್ ರಿಸರ್ವೇಷನ್’ ಅಥವಾ ‘ಸ್ಟ್ಯಾಟಿಕ್ ಲೀಸ್’ ಎಂಬ ಪುಟ ತೆರೆದು ಸಾಧನದ ಮ್ಯಾಕ್ ಹಾಕಿ, ಎದುರಿಗೆ ಬೇಕಾದ ಐಪಿ ಹಾಕಿ ಸೇವ್ ಮಾಡಿ. ಆ ಮ್ಯಾಕ್ ಬಂದಾಗಲೆಲ್ಲ ರೂಟರ್ ಅದೇ ಐಪಿ ಕೊಡುತ್ತದೆ. ಈ ಲೆಕ್ಕ ಕರೆಂಟ್ ಹೋದರೂ ಉಳಿಯುತ್ತದೆ. ಪ್ರಿಂಟರ್, ಡಿವಿಆರ್, ಕ್ಯಾಮೆರಾ ಎಲ್ಲಕ್ಕೂ ಇದೇ ಒಳ್ಳೆಯದು. ಸಾಧನದೊಳಗೆ ಸ್ಥಿರ ವಿಳಾಸ ಬರೆಯುವುದಕ್ಕಿಂತ ಮೇಲು, ಏಕೆಂದರೆ ರೂಟರ್ ಬದಲಾದಾಗ ಸಾಧನ ಪರವೂರಿನವನಾಗಿ ನಿಲ್ಲುವುದಿಲ್ಲ.

ಸಾಧನದೊಳಗೇ ಸ್ಥಿರ ವಿಳಾಸ ಬೇಕೆಂದರೆ ಅದು ರೂಟರ್ ಹಂಚುವ ವ್ಯಾಪ್ತಿಯ ಹೊರಗಿರಲಿ. ರೂಟರಿನ ಡಿಎಚ್‌ಸಿಪಿ ವ್ಯಾಪ್ತಿಯನ್ನು 100ರಿಂದ 199ಕ್ಕೆ ಇಳಿಸಿ, ಸ್ಥಿರ ಸಾಧನಗಳಿಗೆ 2ರಿಂದ 99 ಬಿಡಿ. ಹಾಗೆ ಮಾಡದೆ ಡಿವಿಆರ್‌ಗೆ 192.168.1.105 ಕೊಟ್ಟರೆ, ಕರೆಂಟ್ ಬಂದ ಒಂದು ದಿನ ರೂಟರ್ ಅದನ್ನೇ ಒಂದು ಫೋನಿಗೂ ಕೊಡುತ್ತದೆ. ಆಗ ಕ್ಯಾಮೆರಾ ಹತ್ತು ನಿಮಿಷ ಬರುತ್ತದೆ, ಹತ್ತು ನಿಮಿಷ ಹೋಗುತ್ತದೆ, ಆ ಫೋನಿನವರು ಪೇಟೆಗೆ ಹೋದಾಗ ತಾನಾಗಿ ಸರಿಯಾಗುತ್ತದೆ. ಇಂಥ ಆಟ ಕಂಡರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಕೊನೆಗೆ ಒಂದು ಚೀಟಿ: ಸಾಧನದ ಹೆಸರು, ಇಟ್ಟಿರುವ ಜಾಗ, ಮ್ಯಾಕ್, ಐಪಿ, ಬರೆದ ತಾರೀಕು. ಪೆನ್ನಿನ ಶಾಯಿ ಇಲ್ಲಿನ ತೇವಕ್ಕೆ ಹರಡಬಹುದು. ಪೆನ್ಸಿಲಿನಲ್ಲಿ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ರೂಟರ್ ಇರುವ ಪೆಟ್ಟಿಗೆಯ ಬಾಗಿಲ ಒಳಗಡೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ, ಅದು ಮನೆಯ ಲೆಕ್ಕದ ಪುಸ್ತಕದಲ್ಲಿರಲಿ.